ಸಮ ಪಾಲು ಎಲ್ಲ ಸಲವೂ ಸರಿಯಾದ ಪಾಲಲ್ಲ

ಸಂಪಾದಕರಿಗೆ ನಮಸ್ಕಾರ.

ಮಂಗಳೂರಿನ ಕದ್ರಿಯ ಒಂದು ಮಹಡಿ ಮನೆಯಲ್ಲಿ ನಾವು ನಾಲ್ವರು ಹುಡುಗಿಯರು ಬಾಡಿಗೆಗೆ ಇದ್ದೇವೆ. ನಾನು ಬೆಳ್ತಂಗಡಿ ಕಡೆಯವಳು. ಮೆಡಿಕಲ್ ಶಾಪಿನಲ್ಲಿ ಬಿಲ್ಲಿಂಗ್ ಕೆಲಸ. ಇಡೀ ದಿನ ಊರವರ ಬಿಲ್ ಮಾಡುವ ನನಗೆ ನಮ್ಮದೇ ಮನೆಯ ಏಪ್ರಿಲ್ ತಿಂಗಳ ಕರೆಂಟ್ ಬಿಲ್ ಹಂಚುವುದಕ್ಕೆ ಮೂರು ರಾತ್ರಿ ಬೇಕಾಯಿತು. ಒಟ್ಟಿಗೆ ಇರುವವರಿಗೆ ಉಪಯೋಗವಾದರೆ ಆಗಲಿ ಅಂತ ಬರೆಯುತ್ತಿದ್ದೇನೆ.

ಸರಕಾರದ ಉಚಿತ ಕರೆಂಟಿನ ಗೃಹಜ್ಯೋತಿ ಯೋಜನೆ ಬಂದ ಮೇಲೆ ನಮಗೆ ಸೊನ್ನೆ ಬಿಲ್. ಈ ಮನೆಯ ಹಳೆಯ ಸರಾಸರಿಯೇ ಜಾಸ್ತಿ ಇದ್ದದ್ದರಿಂದ ಉಚಿತದ ಮಿತಿಯೂ 200 ಯೂನಿಟ್ಟಿನ ಹತ್ತಿರವೇ ಸಿಕ್ಕಿದೆ. ಮಾರ್ಚಿನಲ್ಲಿ 170 ಯೂನಿಟ್, ಸೊನ್ನೆ. ಏಪ್ರಿಲಿನಲ್ಲಿ 230. ನಿಯಮ ಗೊತ್ತಲ್ವಾ, 200 ದಾಟಿದರೆ ದಾಟಿದ 30ಕ್ಕೆ ಮಾತ್ರ ಅಲ್ಲ, ಅಷ್ಟಕ್ಕೂ ದುಡ್ಡು ಕಟ್ಟಬೇಕು. ಬಿಲ್ ಬಂತು, 1,980 ರೂಪಾಯಿ.

ಕಾರಣ ಹುಡುಕುವ ಕಷ್ಟ ಇರಲಿಲ್ಲ. ದೊಡ್ಡ ರೂಮಿನಲ್ಲಿ ಓನರ್ ಹಾಕಿಸಿದ ಒಂದು ಟನ್ನಿನ ಎಸಿ ಇದೆ. ಆ ರೂಮಿನ ಗೆಳತಿ ನರ್ಸ್. ಏಪ್ರಿಲಿನಲ್ಲಿ ಅವಳಿಗೆ ಹತ್ತು ದಿನ ನೈಟ್ ಡ್ಯೂಟಿ ಬಿತ್ತು. ಬೆಳಗ್ಗೆ ಒಂಬತ್ತಕ್ಕೆ ಬಂದು ಮಲಗಿದರೆ ಎದ್ದೇಳುವುದು ಮೂರಕ್ಕೆ. ನಮ್ಮ ಕರಾವಳಿಯ ಏಪ್ರಿಲ್ ಸೆಖೆಯಲ್ಲಿ ಹಗಲು ಎಸಿ ಇಲ್ಲದೆ ಯಾರು ಮಲಗುತ್ತಾರೆ ಹೇಳಿ? ಗಂಟೆಗೆ ಸುಮಾರು ಒಂದು ಯೂನಿಟ್ ಅಂದರೆ ಹತ್ತು ದಿನಕ್ಕೆ 60. ಲೆಕ್ಕ ಕೂಡಿತು.

ಜಗಳ ಶುರುವಾದದ್ದು ಅಲ್ಲಿಂದ. ನಾಲ್ಕು ಪಾಲು ಮಾಡಿ, ತಲೆಗೆ 495 ಅಂದಳು ಒಬ್ಬಳು. ‘ಎಂತಕ್ಕೆ? ಎಸಿ ಇಲ್ಲದಿದ್ದರೆ ಸೊನ್ನೆ ಬರುತ್ತಿತ್ತು. 1,980 ಪೂರ್ತಿ ಅವಳದ್ದೇ’ ಅಂದಳು ಇನ್ನೊಬ್ಬಳು. ನರ್ಸ್ ಗೆಳತಿ ಮೊಬೈಲ್ ತೆಗೆದು 230ರಲ್ಲಿ ತನ್ನ ಎಸಿಯದ್ದು 60 ಅಂತ ಭಾಗಿಸಿದಳು. ಸುಮಾರು 516 ಬಂತು. ಅಷ್ಟು ಎಸಿಗೆ ಕೊಡುತ್ತೇನೆ, ಉಳಿದದ್ದು ನಾಲ್ವರಿಗೂ ಅಂದಳು. ಆಮೇಲೆ ಮೆಲ್ಲ ಕೇಳಿದಳು: ‘ನೀವು ದಿನಾ ವಾಷಿಂಗ್ ಮೆಷಿನ್ ಹಾಕದೆ ಇದ್ದಿದ್ದರೆ? ಆ 30 ಯೂನಿಟ್ ನನ್ನದೇ ಅಂತ ಮೀಟರಿನಲ್ಲಿ ಬರೆದಿದೆಯಾ?’

ನಾನು ಕಾಗದದಲ್ಲಿ ಮೂರೂ ಲೆಕ್ಕ ಮಾಡಿ ನೋಡಿದೆ. ಮೂರೂ ಸರಿ! ಬಿಲ್ಲಿಂಗ್ ಕೆಲಸದಲ್ಲಿ ನನಗೆ ಹೀಗೆ ಯಾವತ್ತೂ ಆಗಿಲ್ಲ. ಒಂದೇ ಬಿಲ್ಲಿಗೆ ಮೂರು ಸರಿ ಉತ್ತರ.

ನಾವು ಖರ್ಚು ಬರೆಯುವುದು ಸ್ಪ್ಲಿಟ್‌ವೈಸ್ ಆ್ಯಪಿನಲ್ಲಿ. ಅದರಲ್ಲಿ ಶೇಕಡಾ ಲೆಕ್ಕ ಉಂಟು, ಪಾಲಿನ ಲೆಕ್ಕ ಉಂಟು, ಬೇಕಾದ ಮೊತ್ತ ಬರೆಯಲೂ ಆಗುತ್ತದೆ. ಆದರೆ ನಾವು ಮೊದಲು ಕಾಣುವ ಸಮ ಪಾಲನ್ನೇ ಒತ್ತಿ ಸುಮ್ಮನಾಗುತ್ತೇವೆ. ಬೇರೆ ಮಾಡಬೇಕಿದ್ದರೆ ಮಾತಾಡಬೇಕಲ್ಲ, ಅದೇ ಮುಜುಗರ. ಮನೆ ಬಾಡಿಗೆಯೂ ಹಾಗೇ ಇತ್ತು. 16,000ಕ್ಕೆ ತಲೆಗೆ 4,000. ಎಸಿ, ಅಟ್ಯಾಚ್ಡ್ ಬಾತ್‌ರೂಮ್ ಇರುವ ರೂಮಿನ ಇಬ್ಬರಿಗೂ ತಲೆಗೆ 4,000, ರಸ್ತೆ ಬದಿಯ ಸಣ್ಣ ರೂಮಿನ ನಮ್ಮಿಬ್ಬರಿಗೂ ತಲೆಗೆ 4,000. ಎರಡು ವರ್ಷ ನಾನೂ ಬಾಯಿ ಬಿಡಲಿಲ್ಲ. ಕರೆಂಟ್ ಬಿಲ್ಲಿನ ಜಗಳದಲ್ಲಿ ಅದೂ ಹೊರಗೆ ಬಂತು. ಈಗ ಅವರಿಗೆ ತಲೆಗೆ 4,500, ನಮಗೆ 3,500.

ಮೀನಿನದ್ದು ಮೊದಲಿನಿಂದಲೂ ಬೇರೆ ಕಾಲಂ, ಯಾಕೆಂದರೆ ಒಬ್ಬಳು ತಿನ್ನುವುದಿಲ್ಲ. ಜೂನ್, ಜುಲೈ ಎರಡು ತಿಂಗಳು ಯಾಂತ್ರಿಕ ಬೋಟುಗಳು ಕಡಲಿಗೆ ಇಳಿಯದಾಗ ಬಂಗುಡೆ ರೇಟು ಕೇಳಿ ಆ ಕಾಲಂ ಅವಳಿಗೆ ತೋರಿಸಲೂ ನಮಗೆ ನಾಚಿಕೆ. ಜಾಸ್ತಿ ತಿನ್ನುವವಳು ನಾನೇ, ಆದರೂ ಅಲ್ಲಿ ಸಮ ಪಾಲೇ ಇರಲಿ ಅಂತ ಸುಮ್ಮನಿದ್ದೇನೆ.

ಲೆಕ್ಕಕ್ಕೆ ಸಿಗದ್ದೂ ಇದೆ. ಕುಂದಾಪುರದ ಗೆಳತಿ ಶುಕ್ರವಾರ ಸಂಜೆ ಊರಿಗೆ ಹೋದರೆ ಸೋಮವಾರ ಬೆಳಗ್ಗೆ ಬರುತ್ತಾಳೆ. ಅವಳಿಗೆ ತಿಂಗಳಲ್ಲಿ ಎಂಟು ದಿನದ ಅಡುಗೆ ಖರ್ಚು ಕಡಿಮೆ ಮಾಡಬೇಕಾ ಅಂತ ಚರ್ಚೆ ಆಯಿತು. ಮಾಡಿದೆವು ಕೂಡ. ಮುಂದಿನ ಸೋಮವಾರ ಅವಳು ಎಂದಿನಂತೆ ಬಟ್ಟೆ ಚೀಲ ಇಳಿಸಿದಳು. ಸುಲಿದ ಆರು ತೆಂಗಿನಕಾಯಿ, ಮನೆಯ ಕುಚ್ಚಲಕ್ಕಿ ನಾಲ್ಕೈದು ಸೇರು, ಪೇಪರಿನಲ್ಲಿ ಸುತ್ತಿದ ಉಪ್ಪಿನಕಾಯಿ ಬಾಟಲಿ. ಎರಡು ವರ್ಷದಿಂದ ತರುತ್ತಿದ್ದಾಳೆ, ಒಂದು ಕಾಯಿಯನ್ನೂ ಆ್ಯಪಿಗೆ ಹಾಕಿಲ್ಲ. ಕಾಯಿಯ ರೇಟು ಈಗ ಎಷ್ಟಾಗಿದೆ ಅಂತ ನಿಮಗೇ ಗೊತ್ತು. ನಾವು ಮೂವರೂ ಮುಖ ಮುಖ ನೋಡಿಕೊಂಡೆವು. ಆ ಎಂಟು ದಿನದ ವಿಷಯ ಮತ್ತೆ ಯಾರೂ ಎತ್ತಿಲ್ಲ. ಖರ್ಚಿನಲ್ಲಿ ಕಳೆದದ್ದು ಹಾಗೇ ಕಳೆದಿದೆ.

ಗಂಡ ಹೆಂಡತಿಯಲ್ಲೂ ಇದೇ ಕಥೆ. ಉಡುಪಿಯಲ್ಲಿರುವ ನನ್ನ ಅಕ್ಕನಿಗೆ 18,000 ಸಂಬಳ, ಭಾವನಿಗೆ 42,000. ಮನೆ ಖರ್ಚು 20,000, ಇಬ್ಬರೂ ಅರ್ಧರ್ಧ ಹಾಕುತ್ತಿದ್ದರು. ಅಕ್ಕನಿಗೆ ಉಳಿಯುವುದು 8,000, ಭಾವನಿಗೆ 32,000. ಸಂಬಳದ ಪ್ರಮಾಣದಲ್ಲಿ ಹಾಕಿದರೆ ಅವಳದ್ದು 6,000, ಅವರದ್ದು 14,000. ಭಾವ ಕೆಟ್ಟವರಲ್ಲ, ಅವರಿಗೆ ಇದು ಹೊಳೆದೇ ಇರಲಿಲ್ಲ ಅಷ್ಟೇ.

ನಮ್ಮ 1,980ಕ್ಕೆ ಬರುತ್ತೇನೆ. ಕೊನೆಗೆ ನರ್ಸ್ ಗೆಳತಿ ಅರ್ಧ, ಅಂದರೆ 990 ಕೊಟ್ಟಳು. ಉಳಿದ ಮೂವರು 330ರಂತೆ ಹಾಕಿದೆವು. ಇದಕ್ಕೆ ಯಾವ ಸೂತ್ರವೂ ಇಲ್ಲ. ಮುಂದೆ 200 ದಾಟಿದರೂ ಹೀಗೇ ಅಂತ ಮೊದಲೇ ಮಾತಾಡಿಕೊಂಡೆವು. 15ಕ್ಕೆ ಮತ್ತು 25ಕ್ಕೆ ಯಾರಾದರೂ ಕೆಳಗೆ ಇಳಿದು ಮೀಟರ್ ನೋಡಿ ಅಡುಗೆಮನೆ ಕ್ಯಾಲೆಂಡರಿನಲ್ಲಿ ಪೆನ್ಸಿಲಿನಲ್ಲಿ ಬರೆಯಬೇಕು ಅಂತಲೂ ಆಯಿತು.

ಬಾಡಿಗೆಗೆ ಕೊಡುವ ಮನೆಯವರಲ್ಲಿ ಒಂದು ವಿನಂತಿ. ನಾಲ್ಕೈದು ಜನರಿಗೆ ಒಂದೇ ಮೀಟರ್ ಇರುವ ಮನೆ ಕೊಡುವಾಗ ಎಸಿಯ ಲೈನಿಗೆ ಸಣ್ಣದೊಂದು ಸಬ್ ಮೀಟರ್ ಹಾಕಿಸಿ ಕೊಡಿ. ದೊಡ್ಡ ಖರ್ಚಿನ ವಸ್ತು ಅಲ್ಲ. ನಮ್ಮ ಓನರ್ ಹತ್ತಿರ ಕೇಳಿದ್ದಕ್ಕೆ ‘ನೀವೇ ಹಾಕಿಸಿಕೊಳ್ಳಿ ಮಾರಾಯ್ತಿ’ ಅಂದರು. ಆ ಖರ್ಚನ್ನು ಹೇಗೆ ಹಂಚುವುದು ಅಂತ ಈಗ ಚರ್ಚೆ ನಡೆಯುತ್ತಿದೆ.

ಮೇ ತಿಂಗಳಲ್ಲಿ ಗೆಳತಿ ಎಸಿಯನ್ನು 26ಕ್ಕೆ ಇಟ್ಟು ಫ್ಯಾನ್ ಹಾಕಿಕೊಂಡಳು. ನಾವು ವಾಷಿಂಗ್ ಮೆಷಿನನ್ನು ದಿನ ಬಿಟ್ಟು ದಿನ ಮಾಡಿದೆವು. 25ಕ್ಕೆ ಕ್ಯಾಲೆಂಡರಿನಲ್ಲಿ 165 ಇತ್ತು. ಖುಷಿಯಲ್ಲಿ ನಾನೇ ಎರಡು ಸಲ ಇಸ್ತ್ರಿ ಹಾಕಿದೆ. ಬಿಲ್ ಬಂತು, 204 ಯೂನಿಟ್. ನಾಲ್ಕೇ ಯೂನಿಟ್ ಜಾಸ್ತಿ! ಈ ಸಲ ಯಾರೂ ಮೊಬೈಲ್ ತೆಗೆದು ಭಾಗಿಸಲಿಲ್ಲ. ಅರ್ಧ ಅವಳು ಕೊಟ್ಟಳು, ಉಳಿದದ್ದು ನಾವು. ಇಸ್ತ್ರಿಯ ವಿಷಯ ನಾನು ಇನ್ನೂ ಅವರಿಗೆ ಹೇಳಿಲ್ಲ.

– ಒಬ್ಬಳು ಬಾಡಿಗೆದಾರಳು, ಕದ್ರಿ, ಮಂಗಳೂರು