ಎಫ್ ಒತ್ತಿದರೆ ಒತ್ತಕ್ಷರ

ಈ ಯುಗಾದಿಗೆ ನಮ್ಮ ಡಿಟಿಪಿ ಅಂಗಡಿಗೆ 20 ವರ್ಷ ತುಂಬಿತು. ಲಗ್ನಪತ್ರಿಕೆ, ಗೃಹಪ್ರವೇಶದ ಕಾರ್ಡು, ಜಾತ್ರೆಯ ಕರಪತ್ರ, ವೈಕುಂಠ ಸಮಾರಾಧನೆ. ಊರಿನವರ ಸುಖದುಃಖ ಎಲ್ಲ ಈ ಬೆರಳುಗಳಲ್ಲೇ ಹಾದುಹೋಗಿದೆ.

ಕಳೆದ ವರ್ಷ ಮಣಿಕಟ್ಟಿನ ನೋವು ಬಂದು ಮೂರು ತಿಂಗಳು ಟೈಪ್ ಮಾಡಲಾಗಲಿಲ್ಲ. ಅಂಗಡಿ ಮುಚ್ಚೇ ಬಿಡೋಣ ಅಂದಿದ್ದೆ. ಆಗ ಕೀಬೋರ್ಡಿನ ಮುಂದೆ ಕೂತವಳು ನನ್ನ ಹೆಂಡತಿ. ಎರಡೇ ವಾರದಲ್ಲಿ ಕಲಿತಳು! ತಡವಾದರೂ ಬೇರೆ ಕಡೆ ಹೋಗದೆ ಕಾದ ಗಿರಾಕಿಗಳಿಗೆ, ಸಾಲ ಕೇಳಿದಾಗ ಇಲ್ಲ ಅನ್ನದೆ ಪೇಪರ್ ಕೊಟ್ಟವರಿಗೆ ಕೈಮುಗಿಯುತ್ತೇನೆ.

ಇನ್ನೊಬ್ಬರಿಗೂ ಮುಗಿಯಬೇಕು. ಅವಳು ಅಷ್ಟು ಬೇಗ ಕಲಿತದ್ದು ಅವರಿಂದಲೇ. ಯಾವ ಕೀಲಿಗೆ ಯಾವ ಕನ್ನಡ ಅಕ್ಷರ ಅನ್ನುವ ಜೋಡಣೆಯನ್ನು ನಾನು, ನುಡಿ ತಂತ್ರಾಂಶದ ಹೆಸರಲ್ಲಿ, 'ನುಡಿ ಕೀಬೋರ್ಡು' ಅನ್ನುತ್ತಿದ್ದೆ. ಅದರ ಹಿಂದೆ ಕೆ.ಪಿ. ರಾವ್ ಇದ್ದಾರೆ ಅಂತ ಗೊತ್ತಾಗಿದ್ದೇ ತೀರಾ ತಡವಾಗಿ. ನಾಚಿಕೆಯ ವಿಷಯ, ಅಲ್ವಾ?

ಕಿನ್ನಿಕಂಬಳ ಪದ್ಮನಾಭ ರಾಯರು ಹುಟ್ಟಿದ್ದು 1940ರಲ್ಲಿ, ಮಂಗಳೂರಿನ ಹತ್ತಿರದ ಊರಲ್ಲಿ. ಮುಂಬೈನ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯಲ್ಲಿ ಕೆಲಸ ಮಾಡಿದವರು. ನಮ್ಮ ಲಿಪಿಗಳನ್ನು ಕಂಪ್ಯೂಟರಿಗೆ ತರಲು ದುಡಿದವರು. ಕನ್ನಡಕ್ಕೆ 'ಸೇಡಿಯಾಪು' ಅನ್ನುವ ತಂತ್ರಾಂಶ ಮಾಡಿದರು. ವಿದ್ವಾಂಸ ಸೇಡಿಯಾಪು ಕೃಷ್ಣ ಭಟ್ಟರ ಹೆಸರು ಅದು.

ಅವರ ಜೋಡಣೆಯ ಗುಟ್ಟು ಸರಳ. ಅಕ್ಷರದ ಆಕಾರ ಬಿಟ್ಟು ಉಚ್ಚಾರಣೆ ಹಿಡಿದರು. ಕೆ ಒತ್ತಿದರೆ ಕ, ಶಿಫ್ಟ್ ಹಿಡಿದು ಒತ್ತಿದರೆ ಖ. ಹೊಸಬರು ಎಡವುವುದು ಟ, ಡ ಹತ್ತಿರ. ಅವು ಕ್ಯೂ, ಡಬ್ಲ್ಯೂನಲ್ಲಿ ಕೂತಿವೆ. ಷ ಬೇಕಿದ್ದರೆ ಎಕ್ಸ್. ನನಗೆ ಜಾಸ್ತಿ ಇಷ್ಟ ಎಫ್. ಕನ್ನಡದ ಯಾವ ಅಕ್ಷರಕ್ಕೂ ಅದು ಬೇಕಿರಲಿಲ್ಲ, ಅದನ್ನು ಒತ್ತಿಗೆ ಕೊಟ್ಟರು. ಎಡಗೈ ತೋರುಬೆರಳು ಸುಮ್ನೆ ಕೂರುವ ಜಾಗವೇ ಅದು, ಕೀಲಿಯ ಮೇಲೆ ಸಣ್ಣ ಉಬ್ಬುಗೆರೆ ಇರುತ್ತದೆ. ಎ, ಕೆ, ಎಫ್, ಕೆ ಅಂದರೆ 'ಅಕ್ಕ' ಬಂತು. ಒತ್ತಕ್ಷರವಿಲ್ಲದೆ ಕನ್ನಡದಲ್ಲಿ ಒಂದು ಲಗ್ನಪತ್ರಿಕೆ ಬರೆದು ನೋಡಿ! 'ಲಗ್ನ'ದಲ್ಲೇ ಸಿಕ್ಕಿಬೀಳುತ್ತೀರಿ.

ಇದನ್ನೇ ಆಮೇಲೆ ಸರ್ಕಾರವೂ ಒಪ್ಪಿಕೊಂಡಿತು. ಹಂಪಿಯ ಕನ್ನಡ ವಿಶ್ವವಿದ್ಯಾಲಯ ರಾಯರಿಗೆ ನಾಡೋಜ ಕೊಟ್ಟಿತು. ಆದರೆ ಇಷ್ಟು ವರ್ಷ ಅನ್ನ ತಿಂದ ನಾನು ಒಂದು ಪೈಸೆಯನ್ನೂ ಅವರಿಗೆ ಕೊಟ್ಟಿಲ್ಲ. ಆ ಜೋಡಣೆಗೆ ಯಾರೂ ನನ್ನ ಹತ್ತಿರ ದುಡ್ಡು ಕೇಳಲಿಲ್ಲ.

ರಾಯರೇ, ನಮಸ್ಕಾರ. ಗಿರಾಕಿಗಳೇ, ಸೋಮವಾರ ಅಂಗಡಿ ತೆರೆದಿರುತ್ತದೆ. ಇಪ್ಪತ್ತು ವರ್ಷ ಆಯಿತು ಅಂತ ಪ್ರೂಫ್ ನೋಡದೆ ಪ್ರಿಂಟಿಗೆ ಹಾಕುವುದಿಲ್ಲ.