ಅಮೆರಿಕಕ್ಕೆ ಹೋಗುತ್ತಿಲ್ಲ, ದುಡ್ಡು ಮಾತ್ರ ಇನ್ನೂ ಬೇಕು ಕಣೋ

ಪ್ರೀತಿಯ ಗೆಳೆಯಾ,

"ಅವನು ಅಮೆರಿಕಕ್ಕೆ ಬರ್ತಿಲ್ವಂತೆ, ಹಾಗಾದ್ರೆ ಇಲ್ಲಿ ದುಡ್ಡು ಸೇರಿಸೋದು ನಿಲ್ಲಿಸಲಾ?" ಅಂತ ನಮ್ಮ ಫೋಟೋಗ್ರಾಫರ್ ಗೆಳೆಯನ ಚಿಕಿತ್ಸೆ ಬಗ್ಗೆ ಮೊನ್ನೆ ಕೇಳಿದೆಯಲ್ಲ, ದಯವಿಟ್ಟು ನಿಲ್ಲಿಸಬೇಡ. ಊರಲ್ಲೂ ಬಹಳ ಜನ ಇದನ್ನೇ ಕೇಳುತ್ತಿದ್ದಾರೆ. ಅದಕ್ಕೇ ನಿನಗೆ ಬರೆಯುವುದನ್ನು ಎಲ್ಲರೂ ಓದುವ ಹಾಗೆ ಹಾಕುತ್ತಿದ್ದೇನೆ, ಅವನನ್ನೂ ಅವನ ಹೆಂಡತಿಯನ್ನೂ ಕೇಳಿಯೇ.

2023ರಲ್ಲಿ ಅವನ ರಕ್ತದ ಕ್ಯಾನ್ಸರ್ ತಿರುಗಿ ಬಂದಾಗ ಕೀಮೋಗೆ ಬಗ್ಗಲೇ ಇಲ್ಲ. ಕಾರ್-ಟಿ ಅಂತ ಒಂದು ಚಿಕಿತ್ಸೆ ಇದೆ, ಅದಕ್ಕೆ ಹೊರದೇಶಕ್ಕೇ ಹೋಗಬೇಕು ಅಂದರು ಡಾಕ್ಟರ್. ಅಮೆರಿಕದಲ್ಲಿ 2017ರಿಂದಲೇ ಇದೆ. ಆದರೆ ಅಲ್ಲಿ ಅದು ಬಂದಾಗಲೇ ಔಷಧಿಯೊಂದಕ್ಕೇ 4,75,000 ಡಾಲರ್ ಇತ್ತು, ನಮ್ಮ 2023ರ ಲೆಕ್ಕದಲ್ಲಿ ನಾಲ್ಕು ಕೋಟಿ ಹತ್ತಿರ. ಅವತ್ತು ರಾತ್ರಿ ಅವನ ಸ್ಟುಡಿಯೋ ಮುಂದಿನ ಕಟ್ಟೆ ಮೇಲೆ ಕೂತು ನಾವ್ಯಾರೂ ಮಾತಾಡಲಿಲ್ಲ. ಬೆಳಿಗ್ಗೆ ಎದ್ದು ಕೇಳೋಕೆ ಹೊರಟೆವು, ಅಷ್ಟೇ.

ನಮ್ಮೂರಲ್ಲಿ ಅವನು ಫೋಟೋ ತೆಗೆಯದ ಮದುವೆ ಕಡಿಮೆ ಅಲ್ವಾ, ಆ ಆಲ್ಬಂಗಳಲ್ಲಿರುವವರೆಲ್ಲ ಕೊಟ್ಟರು. ಬಸ್ ಸ್ಟ್ಯಾಂಡಿನಲ್ಲಿ ಹೂವು ಮಾರುವ ಅಮ್ಮ 2,000 ರೂಪಾಯಿ ತಂದು ನನ್ನ ಕೈಗಿಟ್ಟು, "ನನ್ ಮಗಳ ಮದುವೇಲಿ ಅವನು ಕಾಸು ಮುಟ್ಟಲಿಲ್ಲ" ಅಂದರು. ನನಗೆ ಅಲ್ಲೇ ಅಳು ಬಂತು. ನೀನು ಕಳಿಸಿದ್ದೂ ಸೇರಿ ಆರು ತಿಂಗಳಲ್ಲಿ 22 ಲಕ್ಷ ಆಯಿತು.

ಅಷ್ಟರಲ್ಲಿ, 2023ರ ಅಕ್ಟೋಬರಿನಲ್ಲಿ, ಮುಂಬೈನ ಐಐಟಿ ಬಾಂಬೆ ಮತ್ತು ಟಾಟಾ ಮೆಮೋರಿಯಲ್ ಕ್ಯಾನ್ಸರ್ ಆಸ್ಪತ್ರೆಯವರು ಸೇರಿ ಇಲ್ಲೇ ಮಾಡಿದ ಕಾರ್-ಟಿಗೆ ಅನುಮತಿ ಸಿಕ್ಕಿತು. ನೆಕ್ಸ್‌ಕಾರ್19 ಅಂತ ಹೆಸರು. 2024ರ ಏಪ್ರಿಲ್‌ನಲ್ಲಿ ರಾಷ್ಟ್ರಪತಿಗಳೇ ಬಿಡುಗಡೆ ಮಾಡಿದರು. ಅವನದೇ ರಕ್ತದಿಂದ ಟಿ ಕಣಗಳನ್ನು, ಅಂದರೆ ರೋಗದ ವಿರುದ್ಧ ಹೋರಾಡುವ ಒಂದು ಬಗೆಯ ಬಿಳಿ ರಕ್ತಕಣಗಳನ್ನು, ತೆಗೆದು, ಕ್ಯಾನ್ಸರ್ ಕಣವನ್ನು ಗುರುತು ಹಿಡಿಯುವ ಹಾಗೆ ಲ್ಯಾಬಿನಲ್ಲಿ ತಿದ್ದಿ ಬೆಳೆಸಿ, ಕೆಲವು ವಾರ ಬಿಟ್ಟು ಡ್ರಿಪ್‌ನಲ್ಲಿ ವಾಪಸ್ ಕೊಡುತ್ತಾರೆ. ಒಂದೇ ಸಲ. ಆಮೇಲೆ ಜ್ವರ ಜೋರಾಗಿ ಬರಬಹುದು, ಬಿಪಿ ಇಳಿಯಬಹುದು, ಅದಕ್ಕೆ ಆಸ್ಪತ್ರೆಯಲ್ಲೇ ಇಟ್ಟುಕೊಂಡು ನೋಡುತ್ತಾರೆ. ಪ್ರಯೋಗದಲ್ಲಿ ಸುಮಾರು ಮೂರರಲ್ಲಿ ಇಬ್ಬರಿಗೆ ಫಲ ಸಿಕ್ಕಿದೆಯಂತೆ. ಎಲ್ಲರಿಗೂ ಅಲ್ಲ, ಅದು ಅವನಿಗೂ ಗೊತ್ತು.

2024ರಲ್ಲಿ ಬೆಲೆ 40 ಲಕ್ಷದ ಆಸುಪಾಸು ಇತ್ತು, ಆಸ್ಪತ್ರೆ ಖರ್ಚು ಬೇರೆ. ನಾಲ್ಕು ಕೋಟಿಗೆ ನಮ್ಮ 22 ಲಕ್ಷ ಯಾವ ಮೂಲೆಗೂ ಸಾಲುತ್ತಿರಲಿಲ್ಲ. ಈಗ ಅದು ಅರ್ಧ ದಾರಿ ಕಣೋ! ಆದರೆ "ಇಲ್ಲೇ ಆಗುತ್ತಂತೆ" ಅನ್ನುವ ಸುದ್ದಿ ಹಬ್ಬಿದ ಮೇಲೆ ಕೊಡುತ್ತೇನೆ ಅಂದವರು ಸುಮ್ಮನಾಗಿಬಿಟ್ಟರು. ಅವರ ತಪ್ಪಲ್ಲ, ಅಮೆರಿಕ ಅಂದರೆ ಕಷ್ಟ ದೊಡ್ಡದಾಗಿ ಕಾಣುತ್ತದೆ, ಮುಂಬೈ ಅಂದರೆ ಹೇಗೋ ನಡೆಯುತ್ತೆ ಅನ್ನಿಸುತ್ತದೆ. ಸರಿಯಾಗಿ ಬಿಡಿಸಿ ಹೇಳದೇ ಇದ್ದದ್ದು ನಾವೇ. ಆಸ್ಪತ್ರೆ ಖರ್ಚೂ ಸೇರಿ ಇನ್ನು 26 ಲಕ್ಷ ಬೇಕು.

ನಿಮ್ಮ ಕನ್ನಡ ಕೂಟದಲ್ಲಿ ಇದನ್ನೇ ಹೇಳು. ನಿನ್ನ ಪಾಸ್‌ಪೋರ್ಟ್ ಇನ್ನೂ ಭಾರತದ್ದೇ, ನಿನಗೆ ತೊಂದರೆಯಿಲ್ಲ. ಅಲ್ಲಿನ ಪೌರತ್ವ ತಗೊಂಡವರ ದುಡ್ಡಿಗೆ ವಿದೇಶಿ ದೇಣಿಗೆಯ ಕಾನೂನು ಅಡ್ಡ ಬರಬಹುದು, ಅವರು ಕಳಿಸುವ ಮುಂಚೆ ನಮ್ಮ ಆಡಿಟರ್ ಹತ್ತಿರ ಮಾತಾಡಲಿ. ತೆರಿಗೆ ವಿನಾಯಿತಿ ರಸೀದಿ ಕೇಳುವವರಿಗೆ ಮೊದಲೇ ಹೇಳಿಬಿಡು, ಒಬ್ಬ ವ್ಯಕ್ತಿಗೆ ಕೊಟ್ಟಿದ್ದಕ್ಕೆ ಆ ವಿನಾಯಿತಿ ಸಿಗುವುದಿಲ್ಲ. ಇನ್ನು ಮುಂದೆ ಎಲ್ಲಾ ಹಣ ನೇರ ಆಸ್ಪತ್ರೆಯ ಖಾತೆಗೇ, ಅವನ ಹೆಸರಿನಲ್ಲಿ. ಬಿಲ್ಲುಗಳನ್ನು ನಾನು ತಿಂಗಳಿಗೊಮ್ಮೆ ಎಲ್ಲರಿಗೂ ಕಳಿಸುತ್ತೇನೆ.

ಭಾನುವಾರ ಅವನಿಗೊಂದು ಫೋನ್ ಮಾಡು. ದುಡ್ಡಿನ ಮಾತು ತೆಗೆಯಬೇಡ, ಮುದುಡಿಹೋಗುತ್ತಾನೆ. ಮಗಳಿಗೆ ಹಾಸಿಗೆಯಲ್ಲೇ ಕೂತು ಕ್ಯಾಮೆರಾ ಕಲಿಸುತ್ತಿದ್ದಾನೆ, ಅದನ್ನು ಕೇಳು. ಅವಳು ತೆಗೆದ ಅವನ ಫೋಟೋ ನಿನಗೆ ತೋರಿಸಬೇಕಂತೆ.

ನಿನ್ನವನೇ