ಬಿ. ಜಿ. ಎಲ್. ಸ್ವಾಮಿ ಅವರ ಸ್ಮರಣಾರ್ಥ ಸಸ್ಯವಿಜ್ಞಾನ ಪ್ರಯೋಗಾಲಯ: ದೇಣಿಗೆ ಮನವಿ

ಮಾನ್ಯರೇ,

ಬಸವನಗುಡಿಯ ಸುತ್ತಮುತ್ತಲ ಸರ್ಕಾರಿ ಪ್ರೌಢಶಾಲೆಗಳಲ್ಲಿ ಕನ್ನಡ ಮಾಧ್ಯಮದಲ್ಲಿ ಓದುತ್ತಿರುವ ಮಕ್ಕಳಿಗಾಗಿ ನಮ್ಮ ಟ್ರಸ್ಟ್ ಒಂದು ಸಸ್ಯವಿಜ್ಞಾನ ಪ್ರಯೋಗಾಲಯವನ್ನು ತೆರೆಯಲು ನಿರ್ಧರಿಸಿದೆ. ಅದಕ್ಕೆ ಪ್ರಾಧ್ಯಾಪಕ ಬಿ. ಜಿ. ಎಲ್. ಸ್ವಾಮಿ ಅವರ ಹೆಸರನ್ನೇ ಇಡಬೇಕೆಂಬ ವಿಷಯದಲ್ಲಿ ವಿಶ್ವಸ್ತರಲ್ಲಿ ಎರಡು ಮಾತಿರಲಿಲ್ಲ.

ಡಿ. ವಿ. ಗುಂಡಪ್ಪನವರ ಮಗನಾದ ಸ್ವಾಮಿಯವರು ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಓದಿ, ಹಾರ್ವರ್ಡ್ ವಿಶ್ವವಿದ್ಯಾಲಯದಲ್ಲಿ ಇರ್ವಿಂಗ್ ಬೈಲಿ ಅವರೊಡನೆ ಸಂಶೋಧನೆ ನಡೆಸಿ, ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಸಸ್ಯಶಾಸ್ತ್ರದ ಪ್ರಾಧ್ಯಾಪಕರಾಗಿ, ಮುಂದೆ ಅಲ್ಲಿಯೇ ಪ್ರಾಂಶುಪಾಲರಾಗಿ ದುಡಿದರು. ಹೂಬಿಡುವ ಸಸ್ಯಗಳ ಭ್ರೂಣಶಾಸ್ತ್ರವನ್ನು ಕುರಿತು ಅವರು ಕೆ. ವಿ. ಕೃಷ್ಣಮೂರ್ತಿ ಅವರೊಂದಿಗೆ ಇಂಗ್ಲಿಷಿನಲ್ಲಿ ಬರೆದ ಪಠ್ಯಪುಸ್ತಕ ಪ್ರಕಟವಾದದ್ದು 1980ರಲ್ಲಿ. ಅದೇ ವರ್ಷ ಅವರು ತೀರಿಕೊಂಡರು. ಶಾಸನಗಳು, ತಮಿಳು ಸಾಹಿತ್ಯದ ಇತಿಹಾಸ, ನಮ್ಮ ಅಡುಗೆಗೆ ದಕ್ಷಿಣ ಅಮೆರಿಕದಿಂದ ಬಂದು ಸೇರಿದ ಮೆಣಸಿನಕಾಯಿ, ಆಲೂಗಡ್ಡೆಗಳ ಕಥೆ, ಹೀಗೆ ಅವರ ಆಸಕ್ತಿಗಳು ಹಲವು. ವಿದ್ಯಾರ್ಥಿಗಳೊಂದಿಗೆ ಪಶ್ಚಿಮ ಘಟ್ಟಗಳಲ್ಲಿ ಅಲೆದ ಅನುಭವವನ್ನು, ತಾವೇ ಬರೆದ ಚಿತ್ರಗಳೊಡನೆ ನಿರೂಪಿಸಿದ ‘ಹಸುರು ಹೊನ್ನು’ ಕೃತಿಗೆ 1978ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಸಂದಿತು.

ಆದರೆ ಪ್ರಯೋಗಾಲಯಕ್ಕೆ ಅವರ ಹೆಸರು ಒಪ್ಪುವುದಕ್ಕೆ ಬೇರೊಂದು ಕಾರಣವೂ ಇದೆ. ಹೂಬಿಡುವ ಬಹುಪಾಲು ಗಿಡಗಳ ಕಾಂಡದಲ್ಲಿ ನೀರು ಹರಿಯುವುದು ಒಂದರ ತುದಿಗೊಂದು ಸೇರಿದ ಜೀವಕೋಶಗಳಿಂದಾದ ನಾಳಗಳ ಮೂಲಕ. ಸಾರ್ಕಾಂಡ್ರ ಎಂಬ ಸಸ್ಯಕುಲದಲ್ಲಿ ಇಂಥ ನಾಳಗಳು ಕಾಣವೆಂದು ಸ್ವಾಮಿಯವರು ಬೈಲಿ ಅವರೊಡನೆ 1950ರಲ್ಲಿ ಪ್ರಕಟಿಸಿದರು. ದಶಕಗಳ ನಂತರ ಮತ್ತೊಬ್ಬ ವಿಜ್ಞಾನಿ ಅದನ್ನೇ ಪುನಃ ಪರೀಕ್ಷಿಸಿ, ನಾಳಗಳಿರುವುದನ್ನು ಗುರುತಿಸಿದರು. ವಿಜ್ಞಾನ ಬೆಳೆಯುವುದೇ ಹೀಗೆ, ಹಿಂದಿನವರು ನೋಡಿದ್ದನ್ನು ಮುಂದಿನವರು ತಾವೂ ನೋಡುವುದರಿಂದ. ನಮ್ಮ ಮಕ್ಕಳಿಗೋ, ಕ್ಸೈಲಂ (ಗಿಡದಲ್ಲಿ ನೀರು ಸಾಗಿಸುವ ಅಂಗಾಂಶ) ಎಂದರೇನೆಂದು ಪರೀಕ್ಷೆಯಲ್ಲಿ ಬರೆಯಲು ಬರುತ್ತದೆ; ಅದನ್ನು ಕಣ್ಣಾರೆ ಕಂಡವರು ವಿರಳ.

ಕಾಣಿಸುವುದಕ್ಕೆ ದುಬಾರಿ ಯಂತ್ರಗಳೇನೂ ಬೇಕಿಲ್ಲ. ಎಳೆಯ ಕಾಂಡವೊಂದನ್ನು ಕ್ಯಾರೆಟ್ ತುಂಡಿನ ಸೀಳಿನಲ್ಲಿ ಸಿಕ್ಕಿಸಿ, ಒದ್ದೆ ಮಾಡಿದ ಬ್ಲೇಡಿನಿಂದ ಅಡ್ಡಲಾಗಿ ಕೊಯ್ದು, ಬಿಲ್ಲೆಗಳನ್ನು ನೀರಿಗೆ ಬಿಟ್ಟು, ಅವುಗಳಲ್ಲಿ ಅತಿ ತೆಳುವಾದುದನ್ನು ಕುಂಚದ ತುದಿಯಿಂದ ಎತ್ತಿಕೊಳ್ಳಬೇಕು. ಸಫ್ರಾನಿನ್ ಬಣ್ಣದಲ್ಲಿ ಅದ್ದಿ ತೊಳೆದು, ಗ್ಲಿಸರಿನ್ ಹನಿಯ ಮೇಲಿಟ್ಟು, ಗುಳ್ಳೆ ಏಳದಂತೆ ಕವರ್‌ಸ್ಲಿಪ್ ಮುಚ್ಚಿದರೆ, ಸೂಕ್ಷ್ಮದರ್ಶಕದಡಿಯಲ್ಲಿ ನಾಳಗಳ ಗೋಡೆಗಳು ಕೆಂಪಗೆ ಎದ್ದು ಕಾಣುತ್ತವೆ. ಮೊದಲ ಕೆಲವು ಬಿಲ್ಲೆಗಳು ದಪ್ಪವಾಗಿ ಕೆಟ್ಟೇ ಹೋಗುತ್ತವೆ. ಕೆಡಿಸಿ ಕಲಿಯುವುದಕ್ಕೆ ಬೇಕಾದಷ್ಟು ಸಾಮಗ್ರಿ, ಸಮಯ ಎರಡೂ ಮಕ್ಕಳಿಗೆ ಸಿಗಬೇಕೆಂಬುದು ನಮ್ಮ ಆಶಯ.

ಸೂಕ್ಷ್ಮದರ್ಶಕಗಳು, ಸ್ಲೈಡುಗಳು, ಬಣ್ಣಗಳು, ಒಣಗಿಸಿದ ಸಸ್ಯಮಾದರಿಗಳನ್ನು ಕಾಪಿಡುವ ಕಪಾಟುಗಳು ಹಾಗೂ ಕನ್ನಡದಲ್ಲಿ ಸಿದ್ಧಪಡಿಸುತ್ತಿರುವ ಪ್ರಯೋಗ ಕೈಪಿಡಿಯ ಮುದ್ರಣಕ್ಕೆ ಒಟ್ಟು ₹4 ಲಕ್ಷ ಬೇಕಾಗುತ್ತದೆ. ತಾವು ಯಥಾಶಕ್ತಿ ನೆರವಾಗಬೇಕೆಂದು ಕಳಕಳಿಯಿಂದ ವಿನಂತಿಸುತ್ತೇವೆ. ಸುಸ್ಥಿತಿಯಲ್ಲಿರುವ ಹಳೆಯ ಸೂಕ್ಷ್ಮದರ್ಶಕಗಳನ್ನೂ ಸ್ವೀಕರಿಸುತ್ತೇವೆ. ನಿವೃತ್ತ ಜೀವಶಾಸ್ತ್ರ ಅಧ್ಯಾಪಕರು ಶನಿವಾರ ಮಧ್ಯಾಹ್ನ ಬಂದು ಮಕ್ಕಳ ಪಕ್ಕದಲ್ಲಿ ನಿಂತು ಕೈ ತಿದ್ದಿದರೆ, ಅದನ್ನು ಹಣಕ್ಕಿಂತ ಮಿಗಿಲಾದ ಕೊಡುಗೆಯೆಂದು ಭಾವಿಸುತ್ತೇವೆ. ದೇಣಿಗೆಯನ್ನು ಚೆಕ್ ಮೂಲಕ ಅಥವಾ ಟ್ರಸ್ಟಿನ ಬ್ಯಾಂಕ್ ಖಾತೆಗೆ ನೇರವಾಗಿ ಸಲ್ಲಿಸಬಹುದು. ಪ್ರತಿಯೊಂದಕ್ಕೂ ರಸೀದಿ ನೀಡಲಾಗುವುದು, ಖರ್ಚಿನ ವಿವರವನ್ನು ದಾನಿಗಳೆಲ್ಲರಿಗೂ ಲಿಖಿತವಾಗಿ ಕಳುಹಿಸಲಾಗುವುದು.

ತಮ್ಮ ವಿಶ್ವಾಸಿಗಳು,
ಕಾರ್ಯದರ್ಶಿ ಮತ್ತು ವಿಶ್ವಸ್ತರು